ಹರವಿಯ ನೀರು, ಗಣಕದ ಬಿಸಿ

ಯಾದಗಿರಿ ಜಿಲ್ಲೆಯ ಬಿಸಿಲು ಎಂಥದೆಂದು ಅಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ಅರ್ಧ ಕಳೆಯಿತೆಂದರೆ ಮಧ್ಯಾಹ್ನದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇ ತಿಂಗಳಲ್ಲಿ 42 ಎಂಬುದು ಸುದ್ದಿಯೇ ಅಲ್ಲ. ಸುರಪುರದ ಗುಡ್ಡದ ಬಂಡೆಗಳು ಹಗಲೆಲ್ಲ ಕಾಯ್ದು, ಹೊತ್ತು ಮುಳುಗಿದ ಮೇಲೂ ಬಿಸಿ ಉಗುಳುತ್ತಿರುತ್ತವೆ. ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟದ ಕಡೆಯಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದಂತಿರುತ್ತದೆ. ಮನುಷ್ಯರು ಬೇವಿನ ನೆರಳು ಹುಡುಕಿಕೊಂಡು ಹೋಗುತ್ತಾರೆ. ತಗಡಿನ ಮಾಡಿನ ಕೆಳಗೆ, ಮೇಜಿನ ಮೇಲೆ ಕುಳಿತ ಕಂಪ್ಯೂಟರ್ ಎಲ್ಲಿಗೆ ಹೋಗಬೇಕು?

ಶಹಾಪುರದಲ್ಲಿ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ ಇದ್ದಾನೆಂದು ಇಟ್ಟುಕೊಳ್ಳಿ. ತಂದೆ ಹತ್ತಿ ಮಾರಿದ ಹಣದಲ್ಲಿ ಕಲಬುರಗಿಯಿಂದ ಹಳೆಯ ಆಫೀಸು ಕಂಪ್ಯೂಟರೊಂದನ್ನು ಕೊಂಡು ತಂದಿದ್ದಾರೆ. ಬೆಳಿಗ್ಗೆ ಚೆನ್ನಾಗಿಯೇ ನಡೆಯುವ ಯಂತ್ರ ಮಧ್ಯಾಹ್ನ ಎರಡಾಯಿತೆಂದರೆ ತೆವಳತೊಡಗುತ್ತದೆ, ಒಮ್ಮೊಮ್ಮೆ ತಾನಾಗಿಯೇ ಆರಿಹೋಗುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಬಣ್ಣದ ನೀರು ಕೊಳವೆಗಳಲ್ಲಿ ಸುತ್ತುವ ದುಬಾರಿ ಕಂಪ್ಯೂಟರ್‌ಗಳನ್ನು ಹುಡುಗ ಮೊಬೈಲಿನಲ್ಲಿ ನೋಡಿದ್ದಾನೆ. ಅಂಥದನ್ನು ಮನೆಯಲ್ಲೇ ಮಾಡುತ್ತೇನೆಂದು ಅಪ್ಪನಿಗೆ ಹೇಳುತ್ತಾನೆ. ಅಪ್ಪನ ಉತ್ತರ ಒಂದೇ ಮಾತಿನದು: “ಕರೆಂಟಿನ ಸಾಮಾನಿಗಿ ಯಾರರ ನೀರ್ ಹಾಕ್ತಾರೇನೋ ತಮ್ಮಾ?”

ಈ ಜಗಳದಲ್ಲಿ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಉಳಿದ ಅರ್ಧ ಯಾವುದೆಂದು ತಿಳಿಯದೆ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದರೆ ಕಂಪ್ಯೂಟರ್ ಹೋಗಬಹುದು, ಅದಕ್ಕಿಂತ ದೊಡ್ಡದೇ ಹೋಗಬಹುದು.

ಮೊದಲು ಹುಡುಗನ ಪಕ್ಷ. ಗಣಕಕ್ಕೆ ನೀರು ಹೊಸ ಸಂಗತಿಯೇನೂ ಅಲ್ಲ. ಐಬಿಎಂ ಕಂಪೆನಿ 1980ರಲ್ಲಿ ಹೊರತಂದ 3081 ಎಂಬ ದೊಡ್ಡ ಗಣಕದಲ್ಲಿ ಪ್ರತಿ ಚಿಪ್ಪಿನ ಬೆನ್ನಿಗೂ ಪುಟ್ಟ ಲೋಹದ ಪಿಸ್ಟನ್ ಒತ್ತಿಕೊಂಡು ಬಿಸಿಯನ್ನು ಹೀರುತ್ತಿತ್ತು. ಆ ಬಿಸಿಯನ್ನು ನೀರು ಹೊತ್ತೊಯ್ಯುತ್ತಿತ್ತು. 1985ರಲ್ಲಿ ಬಂದ ಕ್ರೇ–2 ಸೂಪರ್ ಕಂಪ್ಯೂಟರಿನಲ್ಲಂತೂ ಇಡೀ ಮಂಡಲವನ್ನೇ ವಿದ್ಯುತ್ ಹರಿಯದ ವಿಶೇಷ ದ್ರವದಲ್ಲಿ ಮುಳುಗಿಸಿಟ್ಟಿದ್ದರು. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಆರಂಭಿಸಿದ ‘ಪರಮ್ ಪ್ರವೇಗ’ 3.3 ಪೆಟಾಫ್ಲಾಪ್ ಸಾಮರ್ಥ್ಯದ ಯಂತ್ರ. ಅಂದರೆ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಹೆಚ್ಚು ಲೆಕ್ಕ ಮಾಡಬಲ್ಲದು. ಅದರ ಚಿಪ್ಪುಗಳ ಬಿಸಿಯನ್ನು ಹೊರಗೆ ಒಯ್ಯುವುದೂ ಫಲಕಗಳೊಳಗೆ ಹರಿಯುವ ದ್ರವವೇ.

ಮನೆಯಲ್ಲಿ ಮಾಡಿದವರೂ ಇದ್ದಾರೆ. 1998ರಲ್ಲಿ ಇಂಟೆಲ್‌ನ ಅಗ್ಗದ ಸೆಲೆರಾನ್ 300ಎ ಚಿಪ್ಪು ಬಂದಾಗ ಅದನ್ನು 300ರ ಬದಲು 450 ಮೆಗಾಹರ್ಟ್ಸ್‌ನಲ್ಲಿ ಓಡಿಸುವ ಹುಚ್ಚು ಹಲವು ದೇಶಗಳ ಹುಡುಗರಿಗೆ ಹಿಡಿಯಿತು. ವೇಗ ಹೆಚ್ಚಿಸಿದರೆ ಬಿಸಿಯೂ ಹೆಚ್ಚು. ನೀರಿನಿಂದ ತಂಪು ಮಾಡುವ ತಯಾರಿ ಸಾಮಾನು ಅಂಗಡಿಯಲ್ಲಿ ಸಿಗದ ಆ ಕಾಲದಲ್ಲಿ ಅವರು ಮೀನಿನ ತೊಟ್ಟಿಯ ಪಂಪು, ಹಳೆಯ ಕಾರಿನ ಹೀಟರ್ ಸುರುಳಿ, ಕೈಯಿಂದ ಕೊರೆದ ತಾಮ್ರದ ತುಂಡು ಇವನ್ನೇ ಜೋಡಿಸಿಕೊಂಡರು. ಇಂದು ಸಾವಿರಾರು ರೂಪಾಯಿಗೆ ಮಾರಾಟವಾಗುವ ನೀರಿನ ಕೂಲರುಗಳಿಗೆ ಆ ಗುಜರಿ ಸಾಮಾನೇ ಹಿರಿಯಣ್ಣ.

ನೀರಿಗೆ ಈ ಯೋಗ್ಯತೆ ಎಲ್ಲಿಂದ ಬಂತು? ಭೌತಶಾಸ್ತ್ರದ ಪುಸ್ತಕದ ‘ವಿಶಿಷ್ಟೋಷ್ಣ’ ಎಂಬ ಪದದಿಂದ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4,200 ಜೂಲ್ ಶಕ್ತಿ ಬೇಕು. ಒಂದು ಲೀಟರ್ ಗಾಳಿಗೆ ಒಂದೂಕಾಲು ಜೂಲ್ ಕೂಡ ಬೇಡ. ಅಂದರೆ ಅಷ್ಟೇ ಗಾತ್ರದ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಬಿಸಿಯನ್ನು ಹೊರಬಲ್ಲದು. ಸಾಮಾನ್ಯ ಮೇಜುಗಣಕದ ಪ್ರೊಸೆಸರ್ ಪೂರ್ತಿ ದುಡಿಯುವಾಗ 65 ವಾಟ್ ಬಿಸಿ ಹೊರಹಾಕುತ್ತದೆ ಎನ್ನೋಣ. ಅದರ ಮೇಲೆ ನಿಮಿಷಕ್ಕೆ ಒಂದೇ ಲೀಟರ್ ನೀರು ಹರಿದರೂ ಸಾಕು, ಆ ನೀರು ಹೊರಬರುವಾಗ ಒಳಹೋದದ್ದಕ್ಕಿಂತ ಒಂದು ಡಿಗ್ರಿಯಷ್ಟೂ ಹೆಚ್ಚು ಬಿಸಿಯಾಗಿರುವುದಿಲ್ಲ.

ಹುಡುಗ ಎಡವುವುದು ಇಲ್ಲಿಯೇ. ನೀರು ಬಿಸಿಯನ್ನು ಹೊರುತ್ತದೆ, ಆದರೆ ನುಂಗಿ ಮಾಯ ಮಾಡುವುದಿಲ್ಲ. 20 ಲೀಟರಿನ ಒಂದು ಬಕೆಟ್ ನೀರು ಇಟ್ಟು, ಅದನ್ನೇ ಸುತ್ತಿಸಿದರೆ ಏನಾಗುತ್ತದೆ? 65 ವಾಟ್ ಬಿಸಿ ಆ ಬಕೆಟ್ಟನ್ನು ಒಂದು ಡಿಗ್ರಿ ಏರಿಸಲು 21 ನಿಮಿಷ ತೆಗೆದುಕೊಳ್ಳುತ್ತದೆ. ಗಂಟೆಗೆ ಸುಮಾರು ಮೂರು ಡಿಗ್ರಿ ಎಂದಾಯಿತು. ಬೆಳಿಗ್ಗೆ 30 ಡಿಗ್ರಿ ಇದ್ದ ನೀರು, ಬಕೆಟ್ಟಿನಿಂದ ಹೊರಗೆ ಬಿಸಿ ಹೋಗದಿದ್ದರೆ, ಆರು ಗಂಟೆಯ ಹೊತ್ತಿಗೆ 47ಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ನೀರು ಹೊತ್ತು ತಂದ ಬಿಸಿಯನ್ನು ಎಲ್ಲಾದರೂ ಇಳಿಸಬೇಕು. ಕಾರಿನಲ್ಲಿ ಆ ಕೆಲಸ ರೇಡಿಯೇಟರಿನದು. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ಅದರ ಮೇಲೆ ಬೀಸುವ ಗಾಳಿಗಿಂತ ನೀರು ತಣ್ಣಗಾಗುವಂತಿಲ್ಲ. ಕೋಣೆಯ ಗಾಳಿ 42 ಇದ್ದರೆ ನೀರು 45ರಿಂದ 48ರ ನಡುವೆ ಇರುತ್ತದೆ. ಯಾದಗಿರಿಯ ಮೇ ತಿಂಗಳಲ್ಲಿ ಆ ಬಣ್ಣದ ಕೊಳವೆಗಳೊಳಗೆ ಓಡುವುದು ಸ್ನಾನದ ಬಿಸಿನೀರು.

ಹಾಗಾದರೆ ಅದರಿಂದ ಉಪಯೋಗವಿಲ್ಲವೆ? ಇದೆ. ತಂಪು ಎಂಬುದು ಹೋಲಿಕೆಯ ಮಾತು. ಪ್ರೊಸೆಸರಿನ ಒಡಲು ಸಾಮಾನ್ಯವಾಗಿ 90–100 ಡಿಗ್ರಿಯವರೆಗೆ ತಾಳುತ್ತದೆ. ಅದಕ್ಕೆ 48 ಡಿಗ್ರಿಯ ನೀರೂ ತಂಪೇ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 2010ರಲ್ಲಿ ಸ್ಥಾಪಿಸಿದ ‘ಅಕ್ವಾಸಾರ್’ ಎಂಬ ಗಣಕಕ್ಕೆ 60 ಡಿಗ್ರಿಯವರೆಗಿನ ನೀರನ್ನು ಬೇಕೆಂದೇ ಹರಿಸಿದರು. ಅಲ್ಲಿಂದ ಹೊರಬಂದ ಇನ್ನೂ ಬಿಸಿಯಾದ ನೀರನ್ನು ಚಳಿನಾಡಿನ ಕಟ್ಟಡ ಬೆಚ್ಚಗಿಡಲು ಬಳಸಿದರು. ನಮ್ಮಲ್ಲಿ ಆ ಬಿಸಿಯನ್ನು ಕೇಳುವವರಿಲ್ಲ, ಅಷ್ಟೇ.

ಆದರೆ ಅದೇ ನ್ಯಾಯ ಗಾಳಿಗೂ ಅನ್ವಯಿಸುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ಫ್ಯಾನು ಮತ್ತು ಅಲ್ಯುಮಿನಿಯಂ ರೆಕ್ಕೆಗಳು ಸರಿಯಾಗಿದ್ದರೆ, 42 ಡಿಗ್ರಿಯ ಕೋಣೆಯಲ್ಲೂ 65 ವಾಟಿನ ಚಿಪ್ಪನ್ನು 80ರ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ಹಾಗಿದ್ದೂ ಶಹಾಪುರದ ಆ ಯಂತ್ರ ಆರಿಹೋಗುತ್ತಿದೆ ಎಂದರೆ ಮೊದಲು ಅನುಮಾನ ಪಡಬೇಕಾದದ್ದು ಧೂಳಿನ ಮೇಲೆ. ಹತ್ತಿಯ ಸೀಮೆಯಲ್ಲಿ ಗಾಳಿಯಲ್ಲಿ ತೇಲುವ ನಾರು ರೆಕ್ಕೆಗಳ ಸಂದಿಯಲ್ಲಿ ಸೇರಿ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಚಿಪ್ಪಿಗೂ ರೆಕ್ಕೆಗಳಿಗೂ ನಡುವೆ ಹಚ್ಚುವ ಬೆಳ್ಳನೆಯ ಲೇಪ, ಥರ್ಮಲ್ ಪೇಸ್ಟ್, ಕೆಲವು ವರ್ಷಗಳಲ್ಲಿ ಒಣಗಿ ಸುಣ್ಣದಂತಾಗುತ್ತದೆ. ಮೆತ್ತನೆಯ ಬ್ರಷ್ಷು, ಪುಟ್ಟ ಟ್ಯೂಬಿನಲ್ಲಿ ಸಿಗುವ ಹೊಸ ಪೇಸ್ಟು, ಒಂದು ಭಾನುವಾರ ಇಷ್ಟೇ ಖರ್ಚು. ಪ್ಲಗ್ ಕಿತ್ತ ಮೇಲೆಯೇ ಪೆಟ್ಟಿಗೆ ತೆರೆಯಬೇಕು. ವಿದ್ಯುತ್ ಕೊಡುವ ಒಳಪೆಟ್ಟಿಗೆಯನ್ನಂತೂ, ಪ್ಲಗ್ ಕಿತ್ತಿದ್ದರೂ, ಬಿಚ್ಚಬಾರದು. ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಹತ್ತರಲ್ಲಿ ಎಂಟು ಮನೆಗಳಲ್ಲಿ ಜಗಳ ಇಲ್ಲಿಗೇ ಮುಗಿಯುವುದು ಒಳ್ಳೆಯದು.

ಇಷ್ಟಾದ ಮೇಲೂ ಕುತೂಹಲ ಉಳಿದ ಹುಡುಗನಿಗೆ ತಕ್ಕ ಉಪಾಯ ಅವನ ಅಡುಗೆಮನೆಯ ಮೂಲೆಯಲ್ಲೇ ಇದೆ: ಮಣ್ಣಿನ ಹರವಿ.

ಹೊರಗೆ 42 ಡಿಗ್ರಿ ಇದ್ದಾಗಲೂ ಹರವಿಯ ನೀರು ಕುಡಿದರೆ ಹಲ್ಲು ತಣ್ಣಗಾಗುತ್ತದೆ. ರೇಡಿಯೇಟರಿಗೆ ಸಾಧ್ಯವಾಗದ್ದು ಮಣ್ಣಿನ ಪಾತ್ರೆಗೆ ಹೇಗೆ ಸಾಧ್ಯವಾಯಿತು? ಅದು ಬಿಸಿಯನ್ನು ಗಾಳಿಗೆ ದಾಟಿಸಿ ಸುಮ್ಮನಾಗುವುದಿಲ್ಲ. ಮೈಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಬಿಸಿಯನ್ನು ಒಳಗಿನ ನೀರಿನಿಂದ ಕಿತ್ತುಕೊಳ್ಳುತ್ತದೆ. ಪುಸ್ತಕದಲ್ಲಿ ಇದಕ್ಕೆ ‘ಗುಪ್ತೋಷ್ಣ’ ಎಂದು ಹೆಸರು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ನಾಲ್ಕು ಚಿಲ್ಲರೆ ಜೂಲ್ ಸಾಕು. ಅದೇ ಒಂದು ಗ್ರಾಂ ಆವಿಯಾಗಿ ಹೋಗುವಾಗ ಸುಮಾರು 2,400 ಜೂಲ್ ಹೊತ್ತೊಯ್ಯುತ್ತದೆ. ಐನೂರು ಪಟ್ಟಿಗೂ ಹೆಚ್ಚು! ಈ ಲೆಕ್ಕದಿಂದ ನೋಡಿದರೆ 65 ವಾಟಿನ ಪ್ರೊಸೆಸರ್ ಒಂದು ಗಂಟೆಯಲ್ಲಿ ಹುಟ್ಟಿಸುವ ಅಷ್ಟೂ ಬಿಸಿಯನ್ನು ಕಳೆಯಲು ಆವಿಯಾಗಬೇಕಾದ ನೀರು ನೂರು ಮಿಲಿಲೀಟರಿಗಿಂತ ಕಡಿಮೆ. ಒಂದು ಕಪ್ಪು ಚಹಾದಷ್ಟು.

ನೀರು ಹೀಗೆ ಎಷ್ಟು ತಣ್ಣಗಾಗಬಹುದು ಎಂಬುದನ್ನು ನಿರ್ಧರಿಸುವುದು ಗಾಳಿಯ ಒಣತನ. ತಾಪಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದಾಗ ಪಾದರಸ ಎಲ್ಲಿಗೆ ಇಳಿದು ನಿಲ್ಲುತ್ತದೆಯೋ ಅದು ಆ ಹೊತ್ತಿನ ಮಿತಿ. ಗಾಳಿಯ ತಾಪಮಾನ 42, ಸಾಪೇಕ್ಷ ಆರ್ದ್ರತೆ ಶೇ 20 ಇದ್ದಾಗ ಆ ಮಿತಿ ಸುಮಾರು 24 ಡಿಗ್ರಿ. ಬೇಸಿಗೆಯ ಯಾದಗಿರಿಗೆ ಶಾಪವಾದ ಒಣಹವೆ ಇಲ್ಲಿ ವರವಾಗುತ್ತದೆ. ಮಂಗಳೂರಿನ ಹುಡುಗನಿಗೆ ಈ ಭಾಗ್ಯವಿಲ್ಲ. ಅಲ್ಲಿಯ ಹವೆಯಲ್ಲಿ ನೀರಾವಿ ಮೊದಲೇ ತುಂಬಿರುವುದರಿಂದ ಹರವಿಯೂ ಸೋಮಾರಿಯಾಗುತ್ತದೆ. ಸುರಪುರದಲ್ಲಿ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬರ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಇಂಗ್ಲಿಷರ ಬಂಗಲೆಗಳ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದುದಕ್ಕೂ, ಇಂದು ಕಿಟಕಿಗೆ ಕಟ್ಟುವ ಹುಲ್ಲಿನ ಕೂಲರಿಗೂ ತತ್ತ್ವ ಇದೊಂದೇ.

ಮನೆಯಲ್ಲಿ ಮಾಡಬಹುದಾದ ಏರ್ಪಾಡಿನ ಹೃದಯ ಎಂದರೆ ಚಿಪ್ಪಿನ ಮೇಲೆ ಕೂರುವ ತಾಮ್ರದ ತುಂಡು. ನಾಲ್ಕೈದು ಮಿಲಿಮೀಟರ್ ದಪ್ಪದ ತಾಮ್ರದ ಪಟ್ಟಿ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತದೆ. ಉಕ್ಕು ಆಗದು, ಸ್ಟೀಲ್ ತಟ್ಟೆಗಿಂತ ತಾಮ್ರ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿಯನ್ನು ದಾಟಿಸುತ್ತದೆ. ಪಟ್ಟಿಯ ಒಂದು ಮುಖವನ್ನು ಗಾಜಿನ ಮೇಲೆ ಹಾಸಿದ ಎಮರಿ ಕಾಗದದಲ್ಲಿ ತಿಕ್ಕಿ ತಿಕ್ಕಿ ಸಪಾಟು ಮಾಡಬೇಕು. ತಾಳ್ಮೆಯ ಪರೀಕ್ಷೆ ಇದು. ಕಣ್ಣಿಗೆ ಕಾಣದಷ್ಟು ಉಬ್ಬುತಗ್ಗು ಉಳಿದರೂ ಅಲ್ಲಿ ಗಾಳಿ ಸಿಕ್ಕಿಕೊಂಡು ಬಿಸಿಯನ್ನು ತಡೆಯುತ್ತದೆ. ಇನ್ನೊಂದು ಮುಖಕ್ಕೆ, ಫ್ರಿಜ್ ರಿಪೇರಿಯವರ ಬಳಿ ಸಿಗುವ ತಾಮ್ರದ ಕೊಳವೆಯನ್ನು ಹಾವಿನಂತೆ ಬಾಗಿಸಿ ಬೆಸುಗೆ ಹಾಕಿಸಬೇಕು. ಬೆಸುಗೆಯ ಕೆಲಸ ಆ ಮಿಸ್ತ್ರಿಯೇ ಮಾಡಲಿ. ಅದೇ ಕೊಳವೆಯ ಇನ್ನೂ ಮೂರು ನಾಲ್ಕು ಮೀಟರನ್ನು ಸುರುಳಿ ಸುತ್ತಿದರೆ ಹರವಿಯೊಳಗೆ ಮುಳುಗಿಸುವ ಭಾಗ ಸಿದ್ಧ. ಈ ಎರಡನ್ನೂ ರಬ್ಬರ್ ಅಥವಾ ಪ್ಲಾಸ್ಟಿಕ್ ನಳಿಕೆಯಿಂದ ಸೇರಿಸಿ, ಪ್ರತಿ ಕೂಡುವೆಗೂ ಕ್ಲಿಪ್ಪು ಬಿಗಿದು, ನಡುವೆ ನೀರನ್ನು ತಳ್ಳುವ ಪಂಪು ಇಟ್ಟರೆ ಒಂದು ಮುಚ್ಚಿದ ಸುತ್ತು ಆಯಿತು. ಒಳಗೆ ಓಡುವ ನೀರು ಬೇರೆ, ಹರವಿಯಲ್ಲಿ ಆವಿಯಾಗುವ ನೀರು ಬೇರೆ.

ಈ ಬೇರ್ಪಡಿಸುವಿಕೆ ಯಾಕೆಂದರೆ ಈ ಭಾಗದ ಬೋರಿನ ನೀರು ಬಹುಕಡೆ ಗಡಸು. ಕೂಲರಿನ ಹುಲ್ಲಿನ ಮೇಲೆ ಬೇಸಿಗೆ ಮುಗಿಯುವಷ್ಟರಲ್ಲಿ ಕಟ್ಟುವ ಬಿಳಿಯ ಪೊರೆ ಎಲ್ಲರಿಗೂ ಗೊತ್ತು. ನೀರು ಆವಿಯಾದಷ್ಟೂ ಲವಣ ಹಿಂದೆ ಉಳಿಯುತ್ತದೆ. ಬೆರಳಿಗಿಂತ ಸಣ್ಣ ತಾಮ್ರದ ಕೊಳವೆಯಲ್ಲಿ ಅದು ಕಟ್ಟಿಕೊಂಡರೆ ಎಲ್ಲ ಶ್ರಮವೂ ವ್ಯರ್ಥ. ಒಳಸುತ್ತಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಒಂದೆರಡು ಲೀಟರ್ ಸಾಕು. ಅಗ್ಗಕ್ಕೆ ಸಿಕ್ಕಿತೆಂದು ನಡುವೆ ಅಲ್ಯುಮಿನಿಯಂ ಭಾಗ ಸೇರಿಸಬಾರದು. ತಾಮ್ರ, ಅಲ್ಯುಮಿನಿಯಂ, ನಡುವೆ ನೀರು — ಇವು ಸೇರಿದರೆ ಅದೊಂದು ಪುಟ್ಟ ವಿದ್ಯುತ್ಕೋಶ. ನಿಧಾನವಾಗಿ ಅಲ್ಯುಮಿನಿಯಂ ತಿಂದುಹೋಗಿ ತೂತು ಬೀಳುತ್ತದೆ.

ಒಂದೇ ಹರವಿ 65 ವಾಟನ್ನು ಸುಮ್ಮನೆ ಕುಳಿತು ತಾಳಲಾರದು ಎಂಬುದನ್ನೂ ಹೇಳಬೇಕು. ಸುತ್ತಲಿನ ಬಿಸಿಗಾಳಿಯ ವಿರುದ್ಧ ತನ್ನನ್ನು ತಾನು ತಣ್ಣಗಿಟ್ಟುಕೊಳ್ಳುವುದೇ ಅದಕ್ಕೆ ಸಾಕಷ್ಟು ಕೆಲಸ. ಮೈಗೆ ಒದ್ದೆ ಗೋಣಿ ಸುತ್ತಿ, ಸಣ್ಣ ಫ್ಯಾನಿನ ಗಾಳಿ ಬೀಸಿದರೆ ಅದರ ಶಕ್ತಿ ಹೆಚ್ಚುತ್ತದೆ. ಮನೆಯಲ್ಲಿ ಕೂಲರ್ ಇದ್ದರೆ ಸುರುಳಿಯನ್ನು ಅದರ ತೊಟ್ಟಿಯಲ್ಲೇ ಮುಳುಗಿಸುವುದು ಇನ್ನೂ ಮೇಲು. ಕೂಲರ್ ಗಂಟೆಗೆ ಲೀಟರುಗಟ್ಟಲೆ ನೀರು ಕುಡಿಯುವಾಗ, ಅದಕ್ಕೆ ಗಣಕದ ಒಂದು ಕಪ್ಪು ಯಾವ ಲೆಕ್ಕ? ಕುಡಿಯುವ ನೀರಿನ ಹರವಿಯನ್ನು ಮಾತ್ರ ಇದಕ್ಕೆ ಬಳಸುವಂತಿಲ್ಲ.

ತಂಪು ಹೆಚ್ಚಲೆಂದು ಐಸ್ ಹಾಕುವ ಆಸೆ ಬರುತ್ತದೆ. ಹಾಕಬಾರದು. ಐಸ್ ನೀರಿನ ಲೋಟ ಬೆವರುವುದನ್ನು ಯಾರು ನೋಡಿಲ್ಲ? ಚಿಪ್ಪಿನ ಮೇಲಿನ ತಾಮ್ರವೂ ಹಾಗೆಯೇ ಬೆವರಿ, ಹನಿ ಕೆಳಗಿನ ಮಂಡಲದ ಮೇಲೆ ಬೀಳುತ್ತದೆ. ಹರವಿಯ ತಂಪಿನಲ್ಲಿ ಈ ಭಯವಿಲ್ಲ, ಏಕೆಂದರೆ ಗಾಳಿಯ ತೇವ ಹನಿಗಟ್ಟುವ ತಾಪಮಾನ ಯಾವಾಗಲೂ ಒದ್ದೆ ಬುರುಡೆಯ ತಾಪಮಾನಕ್ಕಿಂತ ಕೆಳಗೇ ಇರುತ್ತದೆ. ಪ್ರಕೃತಿ ತಾನೇ ಹಾಕಿಕೊಟ್ಟ ಬೇಲಿ ಅದು.

ಇನ್ನು ಅಪ್ಪನ ಪಕ್ಷ. ಸೋರಿಕೆ ಬಡವರ ಮನೆಗೆ ಮಾತ್ರ ಬರುವ ಕಾಯಿಲೆಯಲ್ಲ. 2004ರಲ್ಲಿ ಆಪಲ್ ಕಂಪೆನಿ ದ್ರವದಿಂದ ತಂಪಾಗುವ ಪವರ್ ಮ್ಯಾಕ್ ಜಿ5 ಮಾರಿತು. ಅವುಗಳಲ್ಲೂ ಕೆಲವು ವರ್ಷಗಳ ನಂತರ ಸೋರಿ ಹಾಳಾದವು. ಆದ್ದರಿಂದ ಕಟ್ಟಿದ ಸುತ್ತನ್ನು ಕಂಪ್ಯೂಟರಿಗೆ ಜೋಡಿಸುವ ಮೊದಲು ನೆಲದ ಮೇಲೆ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಒಂದು ಹಗಲು ಒಂದು ರಾತ್ರಿ ಪೂರ್ತಿ ಓಡಿಸಬೇಕು. ಪತ್ರಿಕೆಯ ಮೇಲೆ ರೂಪಾಯಿ ಬಿಲ್ಲೆಯಷ್ಟು ಒದ್ದೆ ಕಂಡರೂ ಬಿಚ್ಚಿ ಮತ್ತೆ ಮೊದಲಿನಿಂದ. ನೀರಿನ ಪಾತ್ರೆ ಎಂದಿಗೂ ಮೇಜಿನ ಮೇಲಲ್ಲ, ಕಂಪ್ಯೂಟರಿಗಿಂತ ಕೆಳಗೆ, ನೆಲದ ಮೇಲೆ.

ಇದಕ್ಕಿಂತ ಗಂಭೀರವಾದದ್ದು ಪಂಪು. ಪೇಟೆಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಕೂಲರ್ ಪಂಪು 230 ವೋಲ್ಟಿನದು, ಅದು ನೀರಿನಲ್ಲೇ ಮುಳುಗಿರುತ್ತದೆ. ವೈರಿನ ಹೊದಿಕೆ ಒಂದು ಕಡೆ ಹರಿದರೆ ತೊಟ್ಟಿಯ ನೀರೆಲ್ಲ ಕರೆಂಟು. ಕೂಲರ್ ಮುಟ್ಟಿ ಜೀವ ಕಳೆದುಕೊಂಡವರ ಸುದ್ದಿ ಬೇಸಿಗೆಯ ಪತ್ರಿಕೆಗಳಲ್ಲಿ ಓದುವಂಥದೇ. ಅರ್ಥಿಂಗ್ ಹೆಸರಿಗೆ ಮಾತ್ರ ಇರುವ ಹಳೆಯ ಮನೆಗಳಲ್ಲಿ ಈ ಪಂಪನ್ನು ಓದುವ ಮೇಜಿನ ಕಾಲಬಳಿ ಇಡುವುದು ಸಲ್ಲದು. ಬಜೆಟ್ಟಿನಲ್ಲಿ ಎಲ್ಲಿ ಬೇಕಾದರೂ ಹಿಡಿತ ಮಾಡಬಹುದು, ಇಲ್ಲಿ ಮಾತ್ರ ಅಲ್ಲ. ಕಂಪ್ಯೂಟರಿನೊಳಗೇ ಸಿಗುವ 12 ವೋಲ್ಟಿನಲ್ಲಿ ಓಡುವ ಪುಟ್ಟ ಡಿಸಿ ಪಂಪನ್ನೇ ಬಳಸಬೇಕು. ಅದರಿಂದ ಇನ್ನೊಂದು ಅನುಕೂಲವೂ ಉಂಟು: ಕರೆಂಟು ಹೋಗಿ ಯುಪಿಎಸ್ ಮೇಲೆ ಗಣಕ ನಡೆಯುವಾಗ ಪಂಪೂ ಜೊತೆಗೇ ನಡೆಯುತ್ತದೆ. ಕೂಲರಿನ ತೊಟ್ಟಿಯಲ್ಲಿ ಸುರುಳಿ ಇಡುವವರು ಅದರ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು. ಮನೆಯ ಮೀಟರಿನ ಬಳಿ 30 ಮಿಲಿಆಂಪಿಯರ್ ಸೋರಿಕೆಗೇ ಕಡಿತ ಮಾಡುವ ಆರ್‌ಸಿಸಿಬಿ ಹಾಕಿಸುವ ಖರ್ಚು ಬಂದರೆ, ತಂದೆಯವರು ಅದನ್ನು ಕಂಪ್ಯೂಟರಿನ ಲೆಕ್ಕಕ್ಕೆ ಬರೆಯದೆ ಮನೆಯ ಲೆಕ್ಕಕ್ಕೇ ಬರೆಯಲಿ.

ಶಕ್ತಿನಗರಕ್ಕೆ ಶಾಲೆಯ ಪ್ರವಾಸ ಹೋದ ಮಕ್ಕಳು ಇದೇ ಆಟದ ದೊಡ್ಡ ರೂಪವನ್ನು ಕಂಡಿರುತ್ತಾರೆ. ಕೃಷ್ಣೆಯ ದಡದಲ್ಲಿ 1985ರಲ್ಲಿ ಮೊದಲ ಘಟಕ ಆರಂಭಿಸಿ 1,720 ಮೆಗಾವಾಟ್‌ವರೆಗೆ ಬೆಳೆದ ರಾಯಚೂರು ಶಾಖೋತ್ಪನ್ನ ಸ್ಥಾವರಕ್ಕೂ ನದಿಯ ನೀರು ಬೇಕು. ಇಂಥ ಸ್ಥಾವರದಲ್ಲಿ ಕಲ್ಲಿದ್ದಲಿನ ಶಕ್ತಿಯ ಮೂರನೆಯ ಒಂದು ಪಾಲಿನಷ್ಟೇ ವಿದ್ಯುತ್ತಾಗುತ್ತದೆ. ಉಳಿದ ಬಿಸಿಯ ಬಹುಭಾಗವನ್ನು ನೀರೇ ಹೊರಬೇಕು. ಅತ್ತ ನಗರಗಳ ಡೇಟಾ ಸೆಂಟರುಗಳಲ್ಲೂ ಅದೇ ಕಥೆ. ಒಂದು ಮೆಗಾವಾಟ್ ಬಿಸಿಯನ್ನು ಪೂರ್ತಿ ಆವಿಯಿಂದಲೇ ಕಳೆಯುವುದಾದರೆ ಗಂಟೆಗೆ 1,500 ಲೀಟರ್, ದಿನಕ್ಕೆ 36,000 ಲೀಟರ್ ನೀರು ಹೋಗುತ್ತದೆ. ಹುಡುಗನ ಚಹಾ ಕಪ್ಪಿನ ಲೆಕ್ಕವನ್ನೇ ಹದಿನೈದು ಸಾವಿರ ಪಟ್ಟು ದೊಡ್ಡದು ಮಾಡಿದರೆ ಈ ಸಂಖ್ಯೆ ಬರುತ್ತದೆ. ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು ಬರುವ ಊರಿನವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಕಂಪ್ಯೂಟರ್ ಇಲ್ಲದ ಮನೆಯ ಮಕ್ಕಳೂ ಈ ವಿಷಯದ ಅರ್ಧ ಭಾಗವನ್ನು ಮಾಡಿ ನೋಡಬಹುದು. ಎರಡು ತಾಪಮಾಪಕ ಬೇಕು. ಜ್ವರ ನೋಡುವುದಲ್ಲ, ಶಾಲೆಯ ಪ್ರಯೋಗಾಲಯದ್ದು. ಒಂದರ ಬುರುಡೆಗೆ ತೆಳು ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಬಟ್ಟಲಿಗೆ ಇಳಿಬಿಡಬೇಕು. ಎರಡನ್ನೂ ನೆರಳಿನಲ್ಲಿ ಪಕ್ಕಪಕ್ಕ ತೂಗುಹಾಕಿ, ಐದು ನಿಮಿಷ ಬೀಸಣಿಗೆಯಿಂದ ಗಾಳಿ ಬೀಸಿ, ಎರಡರ ಅಂಕಿಯನ್ನೂ ಬರೆದಿಡಬೇಕು. ಯಾದಗಿರಿಯ ಭೀಮಾ ದಂಡೆಯಲ್ಲಿ ಒಬ್ಬರು, ಶಹಾಪುರದಲ್ಲಿ ಒಬ್ಬರು, ಸುರಪುರದ ಗುಡ್ಡದ ಮೇಲೆ ಒಬ್ಬರು ಒಂದೇ ದಿನ ಬರೆದರೆ ಇನ್ನೂ ಸೊಗಸು. ಎರಡು ಅಂಕಿಗಳ ನಡುವಿನ ಅಂತರ ಎಷ್ಟೋ, ಹರವಿಗೆ ಅಷ್ಟು ಕೆಲಸ ಸಾಧ್ಯ. ಮಧ್ಯಾಹ್ನ ಎರಡಕ್ಕೊಮ್ಮೆ, ಬೆಳಗಿನ ಆರಕ್ಕೊಮ್ಮೆ ನೋಡಬೇಕು. ಮೊದಲ ಮಳೆ ಬಿದ್ದ ಮಾರನೆಯ ದಿನ ತಪ್ಪದೆ ನೋಡಬೇಕು. ಅಂದು ಆ ಅಂತರ ಎಲ್ಲಿಗೆ ಬಂದು ನಿಂತಿರುತ್ತದೆ ಎಂಬುದನ್ನು ಮೊದಲೇ ಊಹಿಸಿ ವಹಿಯ ಅಂಚಿನಲ್ಲಿ ಬರೆದಿಟ್ಟುಕೊಂಡಿರಲಿ.